ಹಾಡು ಮುಂದುವರಿಯುತ್ತದೆ

ನಮ್ಮ ದಾಖಲೆ ಭಂಡಾರದ ಹೊಸ್ತಿಲು ದಾಟಿದ ಕೂಡಲೇ ಎದುರಿಗೆ ಒಂದು ಮೊಸಳೆ ಸಿಗುತ್ತದೆ. ನಿಜವಾದದ್ದಲ್ಲ, ಗೋಡೆಯಗಲದ ಗಾಜಿನ ಪರದೆಯ ಮೇಲಿನದು. ಮೂಗು ಮುಟ್ಟಿದರೆ ಬಾಯಿ ತೆರೆದು, ಲೂಯಿಸಿಯಾನದ ಇತಿಹಾಸಕ್ಕೆ ಸ್ವಾಗತ ಎನ್ನುತ್ತದೆ. ಶಾಲೆಯ ಮಕ್ಕಳು ಬಂದು ಮೂಗು ಮುಟ್ಟಿ, ಕಿರುಚಿ, ಬಸ್ಸು ಹತ್ತಿ ಹೋಗುತ್ತಾರೆ. ಆ ಮೊಸಳೆ ಬಂದ ವರ್ಷವೇ ನನ್ನ ಟೇಪ್ ಯಂತ್ರದ ಬೆಲ್ಟು ಹರಿಯಿತು. ಹೊಸದು ತರಿಸಿಕೊಡಿ ಎಂದು ಕೇಳಿದೆ, ಅನುದಾನ ಇಲ್ಲ ಎಂದರು. ಮರುವರ್ಷವೂ ಕೇಳಿದೆ. ಅಷ್ಟರಲ್ಲಿ ಮೊಸಳೆಗೆ ಬಾಲ ಅಲ್ಲಾಡಿಸುವ ಸೌಲಭ್ಯ ಬಂದಿತ್ತು.

ನನ್ನ ಹೆಸರು ಡೆಲ್ಫೀನಾ ಮೆಲೆರೀನ್. ಈ ಭಂಡಾರದ ದನಿ ವಿಭಾಗ ಎಂದರೆ ನಾನೊಬ್ಬಳೇ. ಕಬ್ಬು ಕಡಿದವರು, ಸಿಂಪಿ ಹೆಕ್ಕಿದವರು, ಅಕ್ಕಿ ಗಿರಣಿಯಲ್ಲಿ ಕಿವುಡಾದವರು, ರಾಜ್ಯದ ಮುದುಕ ಮುದುಕಿಯರು ಎಪ್ಪತ್ತರ ದಶಕದಿಂದ ಈಚೆಗೆ ಟೇಪಿಗೆ ಹೇಳಿದ್ದೆಲ್ಲ ನನ್ನ ಕಪಾಟುಗಳಲ್ಲಿ ಇತ್ತು. ಛಾವಣಿ ಸೋರುವ ಕಡೆ ಮನೆಯಿಂದ ತಂದ ಗಂಬೋ ಸಾರಿನ ದೊಡ್ಡ ಪಾತ್ರೆ ಇಟ್ಟಿದ್ದೆ. ತಂಪು ಕೋಣೆಯ ಯಂತ್ರ ಕೈಕೊಟ್ಟ ಆಗಸ್ಟಿನಲ್ಲಿ ನಮ್ಮ ಮಲಗುವ ಕೋಣೆಯ ಫ್ಯಾನುಗಳನ್ನು ತಂದು ಓಡಿಸಿ, ನಾನೂ ಗಂಡನೂ ಬೆವರಿನಲ್ಲಿ ಮಲಗಿದ್ದೆವು. ಹೊಗಳಿಸಿಕೊಳ್ಳಲು ಇದನ್ನು ಹೇಳುತ್ತಿಲ್ಲ, ಹೊಟ್ಟೆಯುರಿಗೆ ಹೇಳುತ್ತಿದ್ದೇನೆ.

ಈ ವರ್ಷ ಶಾಸನಸಭೆ ನಮ್ಮ ಉಗ್ರಾಣದ ಕಟ್ಟಡವನ್ನು ಮಾರಿಬಿಟ್ಟಿತು. ಇರುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಬೇಕಾಯಿತು. ಏನು ಹೋಗಬೇಕು ಎಂಬುದಕ್ಕೆ ನಿರ್ದೇಶಕ ಟ್ರೆಂಟ್ ಕಲ್ಪೆಪರ್ ಒಂದು ನಿಯಮ ಮಾಡಿದ. ಯಾವ ಟೇಪಿನ ಮಾತನ್ನು ಹಿಂದೆಯೇ ಟೈಪು ಮಾಡಿಸಿಟ್ಟಿದೆಯೋ ಆ ಟೇಪು ನಕಲು. ನಕಲನ್ನು ಇಟ್ಟುಕೊಳ್ಳಬೇಕಿಲ್ಲ. ಇದನ್ನು ಎರಡು ಸಲ ಓದಿದೆ. ಮನುಷ್ಯ ತನ್ನ ಬಾಯಿಂದ ಆಡಿದ್ದು ನಕಲು, ಅದನ್ನು ಕೇಳಿ ಯಾವಳೋ ಬೇಸರದಲ್ಲಿ ಟೈಪು ಹೊಡೆದದ್ದು ಅಸಲು! ಆಡಳಿತ ಮಂಡಳಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಡಬ್ಬಗಳು ಕೆಳಗಿನ ಜಾಲರಿ ಕೋಣೆ ಸೇರಿದವು, ಅದಕ್ಕೆ ಬೀಗ ಬಿತ್ತು, ಬೀಗದ ಕೈ ಕಲ್ಪೆಪರನ ಮೇಜಿನ ಖಾನೆ ಸೇರಿತು.

ಟೈಪಾದ ಪುಟಗಳನ್ನು ಸ್ಕ್ಯಾನ್ ಮಾಡುವ ಕೆಲಸ ನನಗೇ ಬಂತು. ಹಾಗೆ ಕೂತು ಮಾಡುತ್ತಿದ್ದಾಗ ಪ್ರೂಡೆನ್ಸಿಯಾ ಸೆರ್ಪಾಸ್ ಸಿಕ್ಕಳು. ಜೌಗಿನ ಹೆಂಗಸು. ಗಂಡ ಹಿಡಿದು ತಂದ ಜೌಗಿಲಿ ಎಂಬ ದಟ್ಟ ತುಪ್ಪಳದ ನೀರಿಲಿಗಳ ತೊಗಲು ಸುಲಿದು, ಒಣಗಿಸಿ, ಮಾರಿ ಬದುಕಿದವಳು. ಎಪ್ಪತ್ತಾರರಲ್ಲಿ ರಾಜಧಾನಿಯಿಂದ ಹೋದ ಹುಡುಗನೊಬ್ಬ ಅವಳ ಮಾತು ಹಿಡಿದು ತಂದಿದ್ದ. ಇಂಗ್ಲಿಷಿನಲ್ಲಿ ಹೇಳಿದ್ದು ಎಲ್ಲ ಇತ್ತು: ತೊಗಲಿನ ದರ, ಚಳಿ, ಸೊಳ್ಳೆ. ಆಮೇಲೆ ಆ ಹುಡುಗ, ನದಿಯ ಏರಿ ಒಡೆದ ವರ್ಷದ ಬಗ್ಗೆ ಹೇಳಿ ಎಂದು ಕೇಳುತ್ತಾನೆ. ಅದಕ್ಕೆ ಅವಳು, ಅದನ್ನ ಹೇಳೋಕಾಗಲ್ಲ, ಹಾಡ್ತೀನಿ ಎನ್ನುತ್ತಾಳೆ. ಮುಂದಿನ ಪುಟದಲ್ಲಿ ಇದ್ದದ್ದು ಮೂರೇ ಸಾಲು.

(ಸ್ಪ್ಯಾನಿಷಿನಲ್ಲಿ ಹಾಡುತ್ತಾರೆ.)

(ಹಾಡು ಮುಂದುವರಿಯುತ್ತದೆ.)

(ಹಾಡು ಮುಗಿಯಿತು.)

ನಾನೂ ಆ ಜೌಗಿನವಳೇ. ಸ್ಪೇನಿನ ಕ್ಯಾನರಿ ದ್ವೀಪಗಳಿಂದ ಬಂದು ಇನ್ನೂರು ವರ್ಷ ಕಳೆದರೂ ನಮ್ಮನ್ನು ದ್ವೀಪದವರು ಎಂದೇ ಕರೆಯುತ್ತಾರೆ. ನಮ್ಮಲ್ಲಿ ಏನೇ ನಡೆದರೂ ಅದರ ಮೇಲೊಂದು ದೆಸಿಮಾ, ಹತ್ತು ಹತ್ತು ಸಾಲಿನ ಪದ, ಕಟ್ಟಿ ಹಾಡುವುದು ರೂಢಿ. ದೋಣಿ ಮುಳುಗಿದರೂ ಸರಿ, ಪಾದ್ರಿ ಕುಡಿದು ಕಾಲುವೆಗೆ ಬಿದ್ದರೂ ಸರಿ. ಸಾವಿರದ ಒಂಬೈನೂರ ಇಪ್ಪತ್ತೇಳರಲ್ಲಿ ಮಿಸಿಸಿಪ್ಪಿ ಉಕ್ಕಿದಾಗ, ನಗರ ಉಳಿಯಲಿ ಎಂದು ನಗರದ ದೊಡ್ಡ ಮನುಷ್ಯರು ನಮ್ಮ ಕಡೆಯ ಏರಿಗೆ ಡೈನಮೈಟ್ ಇಟ್ಟು ಹಾರಿಸಿದರು. ನಮ್ಮ ಮನೆ, ಬಲೆ, ಜೌಗು, ಜೌಗಿಲಿ ಎಲ್ಲ ನೀರುಪಾಲು. ಪರಿಹಾರ ಕೊಡುತ್ತೇವೆ ಎಂದಿದ್ದರು, ಕೊಟ್ಟದ್ದು ಕೈ ಒರೆಸಿಕೊಳ್ಳಲೂ ಸಾಲಲಿಲ್ಲ. ಅದನ್ನು ಕಣ್ಣಾರೆ ಕಂಡವಳೊಬ್ಬಳು ಕಟ್ಟಿದ ಹಾಡು ಟೇಪಿನಲ್ಲಿದೆ. ಆ ಟೇಪಿಗೆ ಇವರು ಕೆಂಪು ಶಾಯಿಯಲ್ಲಿ ನಕಲು ಎಂದು ಬರೆದು ಕೆಳಗೆ ಕಳಿಸಿದ್ದಾರೆ. ಪುಟ ಹಿಡಿದುಕೊಂಡು ನೇರ ಕಲ್ಪೆಪರನ ಕೋಣೆಗೆ ನುಗ್ಗಿದೆ.

"ಇದು ಯಾವುದರ ನಕಲು, ಸ್ವಲ್ಪ ಹೇಳಿ," ಎಂದೆ.

ಅವನು ಬೇರೆ ರಾಜ್ಯದಿಂದ ಬಂದವನು, ನನಗಿಂತ ಹದಿನೈದು ವರ್ಷ ಚಿಕ್ಕವನು, ಯಾವತ್ತೂ ದನಿ ಏರಿಸುವವನಲ್ಲ. ಅದಕ್ಕೇ ಅವನ ಮೇಲೆ ಇನ್ನಷ್ಟು ಸಿಟ್ಟು ಬರುತ್ತದೆ. ಪುಟ ನೋಡಿ, "ಹಾಡು ಅಂತ ನಮೂದಾಗಿದೆಯಲ್ಲ ಡೆಲ್ಫೀನಾ," ಎಂದ.

"ಊಟದ ಮನೆಯಲ್ಲಿ ತಟ್ಟೆ ಮುಂದಿಟ್ಟು, ಅದರಲ್ಲಿ 'ಊಟ' ಅಂತ ಚೀಟಿ ಹಾಕಿ ಕೊಟ್ರೆ ನಿಮ್ಮ ಹೊಟ್ಟೆ ತುಂಬುತ್ತಾ?"

"ಒಂದಕ್ಕೆ ವಿನಾಯಿತಿ ಕೊಟ್ರೆ ಎಲ್ಲದಕ್ಕೂ ಕೊಡಬೇಕಾಗುತ್ತೆ."

"ಕೊಡಬೇಡಿ. ಆಕೆಯ ಮಗ ಬದುಕಿದ್ದಾನೆ. ಟೇಪನ್ನ ಅವನಿಗೆ ಕೊಟ್ಟುಬಿಡಿ."

"ಸರ್ಕಾರದ ಸ್ವತ್ತು. ಖಾಸಗಿಯವರಿಗೆ ಕೊಡೋಕೆ ಕಾನೂನಲ್ಲಿ ಅವಕಾಶ ಇಲ್ಲ. ಸರಿಯಾದ ರೀತಿಯಲ್ಲಿ ನಾಶ ಮಾಡಬಹುದು."

ಕೊಡಲು ಬರುವುದಿಲ್ಲ, ನಾಶ ಮಾಡಲು ಬರುತ್ತದೆ. ಅದನ್ನು ಅವನು ಹವಾಮಾನ ಹೇಳಿದ ಹಾಗೆ ಹೇಳಿದ. ಕೊನೆಗೆ, ಆ ಸಮುದಾಯದವರು ಯಾರಾದರೂ ಮಂಡಳಿಯ ಸಭೆಗೆ ಬಂದು ಮನವಿ ಮಾಡಲಿ, ಅಧ್ಯಕ್ಷರು ಕೇಳಿಯಾರು ಎಂದ. ಮಾರನೆಯ ವಾರವೇ ಸಭೆ ಇತ್ತು.

ಸೆಲೆಸ್ತೀನೋ ಸೆರ್ಪಾಸ್ ನನಗೆ ಗೊತ್ತು. ಎಂಬತ್ತು ದಾಟಿದೆ. ಕೆಳಗಿನ ಜೌಗಿನಲ್ಲಿ ಈಗಲೂ ಸೀಗಡಿ ಬಲೆ ಹೆಣೆಯುತ್ತಾನೆ. ಮದುವೆ ಮನೆಯಲ್ಲಿ, ಸಾವಿನ ಮನೆಯಲ್ಲಿ, ಎದುರಿಗೆ ಕೂತವರ ಮೂಗು ಮೀಸೆಯ ಬಗ್ಗೆ ನಿಂತ ನಿಲುವಿನಲ್ಲೇ ದೆಸಿಮಾ ಕಟ್ಟಿ ಹಾಡಬಲ್ಲವನು ಈಗ ಅವನೊಬ್ಬನೇ. ನಮ್ಮ ಕಡೆ ಆ ವಯಸ್ಸಿನವರೆಲ್ಲ ದೊಡ್ಡಪ್ಪಂದಿರೇ. ಫೋನು ಮಾಡಿ ವಿಷಯ ಹೇಳಿದೆ.

"ಅಮ್ಮನ ದನಿ ಇದೆ ಅಂತೀಯಾ?"

"ಇದೆ ದೊಡ್ಡಪ್ಪ."

"ಚಂಡಮಾರುತದಲ್ಲಿ ಅವಳ ಒಂದು ಫೋಟೋನೂ ಉಳೀಲಿಲ್ಲ ಕಣೇ. ಸಮಾಧಿ ಕಲ್ಲೇ ಕೊಚ್ಕೊಂಡು ಹೋಯ್ತು. ದನಿ ಇದೆ ಅಂತೀಯಾ?"

"ಏರಿ ಒಡೆದ ಹಾಡು. ಪೂರ್ತಿ ಹಾಡಿದ್ದಾಳೆ. ನಿಂಗೆ ಬರುತ್ತಾ ಅದು?"

"ಮೊದಲ ನಾಲ್ಕು ಸಾಲು ಬರುತ್ತೆ," ಎಂದ. "ಉಳಿದದ್ದು... ಹಾಡ್ತಾನೇ ಇರ್ತಿದ್ಲು, ನಾನು ಕೇಳಿಸ್ಕೊಳ್ತಿರ್ಲಿಲ್ಲ. ಅಮ್ಮ ಹಾಡೋದನ್ನ ಯಾವ ಮಗ ಕೂತು ಕೇಳ್ತಾನೆ?"

ಸಭೆಯ ದಿನ ಬೆಳಿಗ್ಗೆ ಅವನು ಮದುವೆಗೆ ಇಟ್ಟ ಕೋಟು ಹಾಕಿಕೊಂಡು ಬಂದ. ಕಾಫಿ ಕುಡಿಸುತ್ತ ಗಿಣಿಗೆ ಹೇಳಿಕೊಟ್ಟ ಹಾಗೆ ಹೇಳಿಕೊಟ್ಟೆ.

"ನೋಡು, ಎದ್ದು ನಿಂತ್ಕೋ. ಈ ಹಾಡು ನನಗೆ ಬರಲ್ಲ, ನಮ್ಮೂರಲ್ಲಿ ಯಾರಿಗೂ ಬರಲ್ಲ, ಈ ಟೇಪು ಹೋದ್ರೆ ಹಾಡೂ ಹೋಯ್ತು ಅನ್ನು. ಅಷ್ಟೇ. ಕೂತ್ಬಿಡು."

"ಬರಲ್ಲ ಅಂತ ಹೇಳ್ಬೇಕಾ?"

"ಬರಲ್ಲ ತಾನೆ?"

"ಬರಲ್ಲ," ಎಂದ, ಕಹಿ ನುಂಗಿದವನ ಹಾಗೆ.

ಮೊಸಳೆ ಅವನಿಗೂ ಸ್ವಾಗತ ಹೇಳಿತು. ಅವನು ಅದರ ಮುಖಕ್ಕೆ ಸ್ಪ್ಯಾನಿಷಿನಲ್ಲಿ ಏನೋ ಬೈದ. ನನಗೆ ಖುಷಿಯಾಯಿತು.

ಮಂಡಳಿಯ ಅಧ್ಯಕ್ಷ ವಾಲೇಸ್ ಪ್ರಿಚರ್ಡ್ ಎತ್ತರದ ಕುರ್ಚಿಯಲ್ಲಿ ಹೊಟ್ಟೆ ಮುಂದೆ ಮಾಡಿ ಕೂತಿದ್ದ. ಹಳೆಯ ಮನೆತನ, ನಯವಾದ ಮಾತು. ದೊಡ್ಡಪ್ಪ ಎದ್ದು ನಿಂತು ನಾನು ಹೇಳಿಕೊಟ್ಟದ್ದನ್ನು ಒಂದು ಅಕ್ಷರ ಬಿಡದೆ ಒಪ್ಪಿಸಿದ. ಬರುವುದಿಲ್ಲ ಎನ್ನುವಾಗ ಮಾತ್ರ ದನಿ ತಗ್ಗಿತು. ಇನ್ನು ಕೂತರೆ ಸಾಕಿತ್ತು.

"ತುಂಬಾ ಸಂತೋಷ, ಸೆರ್ಪಾಸ್ ಅವರೇ," ಎಂದ ಪ್ರಿಚರ್ಡ್. "ನನ್ನದೊಂದು ಸಣ್ಣ ಸಂದೇಹ. ನಿಮ್ಮ ತಾಯಿಯ ಹಾಡು ನಿಮಗೇ ನೆನಪಿಲ್ಲ. ನಿಮ್ಮವರಲ್ಲಿ ಯಾರಿಗೂ ನೆನಪಿಲ್ಲ. ನಿಮಗೇ ಬೇಡವಾದದ್ದನ್ನ ಬಡ ರಾಜ್ಯವೊಂದು ಖರ್ಚು ಮಾಡಿ ಯಾಕೆ ನೆನಪಿಟ್ಕೋಬೇಕು ಅಂತೀರಿ?"

ಪಕ್ಕದಲ್ಲಿ ಕೂತವರು ತಲೆದೂಗಿದರು. ನನ್ನ ಮೈ ಉರಿಯಿತು. ಇವರ ಶಾಲೆಯಲ್ಲೇ ಸ್ಪ್ಯಾನಿಷ್ ಆಡಿದ ಮಕ್ಕಳ ಬೆರಳ ಗಂಟಿಗೆ ಬಾರಿಸುತ್ತಿದ್ದದ್ದು! ದೊಡ್ಡಪ್ಪನ ಬೆರಳಿಗೂ ಬಿದ್ದಿದೆ. ನಾಲಿಗೆ ಕತ್ತರಿಸಿ, ಯಾಕಪ್ಪ ಮಾತಾಡಲ್ಲ ಎಂದು ಕೇಳುವ ಜನ. ಅದನ್ನೇ ಹೇಳೋಣ ಎಂದು ಏಳುವಷ್ಟರಲ್ಲಿ ದೊಡ್ಡಪ್ಪನ ಮುಖ ನೋಡಿದೆ. ಕಿವಿ ಕೆಂಪಾಗಿದ್ದವು. ಕೆಟ್ಟಿತು ಎಂದುಕೊಂಡೆ.

"ಯಾರ್ರೀ ಹೇಳಿದ್ದು ನೆನಪಿಲ್ಲ ಅಂತ?" ಎಂದ.

"ನೀವೇ ಈಗ ತಾನೆ..."

"ಅದು ಈ ಹುಡುಗಿ ಹೇಳ್ಕೊಟ್ಟಿದ್ದು. ಪ್ರೂಡೆನ್ಸಿಯಾ ಸೆರ್ಪಾಸಳ ಮಗ ನಾನು. ನನ್ನ ತಾಯಿ ಹಾಡು ನನಗೆ ಬರಲ್ವಾ? ಕೇಳಿ!"

ಕೋಟಿನ ಗುಂಡಿ ಬಿಚ್ಚಿ, ಒಂದು ಕೈ ಕಿವಿಗಿಟ್ಟು, ಕಣ್ಣು ಮುಚ್ಚಿ ಹಾಡತೊಡಗಿದ. ಸ್ಪ್ಯಾನಿಷಿನಲ್ಲಿ, ನಮ್ಮ ಜೌಗಿನ ಸ್ಪ್ಯಾನಿಷಿನಲ್ಲಿ. ಮೊದಲ ನಾಲ್ಕು ಸಾಲಿನ ಅರ್ಥ ಹೀಗಿತ್ತು:

ಇಪ್ಪತ್ತೇಳನೇ ಇಸವಿ, ಏಪ್ರಿಲ್ ಕೊನೆಯ ವಾರ,
ನಮ್ಮ ಏರಿಯ ಹೊಟ್ಟೆಗಿಟ್ಟರು ಸಿಡಿಮದ್ದಿನ ಭಾರ.
ನೋಡಲು ಬಂದರು ದೊರೆಗಳು ಬುತ್ತಿ ಕಟ್ಟಿಕೊಂಡು,
ನೆಲ ಹಾರಿದಾಗ ನಕ್ಕರು ಟೋಪಿ ಎತ್ತಿಕೊಂಡು.

ಬುತ್ತಿ ಕಟ್ಟಿಕೊಂಡು ಬಂದಿದ್ದರಂತೆ, ನಮ್ಮ ಮನೆ ಮುಳುಗುವುದನ್ನು ನೋಡಲು! ಐದನೆಯ ಸಾಲಿಗೆ ದೊಡ್ಡಪ್ಪ ಒಂದು ಗಳಿಗೆ ನಿಂತ. ಕಣ್ಣು ತೆರೆದ. ಪ್ರಿಚರ್ಡನನ್ನೇ ನೋಡಿದ. ಮುಂದಿನದು ಸರಾಗವಾಗಿ ಹರಿಯಿತು:

ಎತ್ತರದ ಕುರ್ಚಿ ಏರಿ ಕೂತ ಪೀಪಾಯಿ ಹೊಟ್ಟೆಯವನೇ,
ಏಡಿಯ ಹಾಗೆ ಅಡ್ಡ ನಡೆದು ನೇರ ಎಂಬುವವನೇ...

ನನಗೆ ಬರುವುದು ಮುರುಕು ಸ್ಪ್ಯಾನಿಷ್, ಆದರೆ ಏಡಿ, ಹೊಟ್ಟೆ ಎಂಬ ಮಾತು ತಿಳಿಯದಷ್ಟು ಮುರುಕಲ್ಲ. ಇದು ಅವನ ತಾಯಿಯ ಹಾಡಲ್ಲ. ಇಲ್ಲಿಯೇ, ಈಗಲೇ, ಇವನ ಬಾಯಲ್ಲಿ ಹುಟ್ಟುತ್ತಿರುವ ಹಾಡು. ಪ್ರಿಚರ್ಡನ ಹೊಟ್ಟೆ, ಕಲ್ಪೆಪರನ ಟೈ, ನನ್ನ ಗಂಬೋ ಪಾತ್ರೆ, ಎಲ್ಲ ಪ್ರಾಸದಲ್ಲಿ ಬಂದು ಕೂತವು. ಮಂಡಳಿಯವರಿಗೆ ಒಂದು ಪದ ಅರ್ಥವಾಗಲಿಲ್ಲ. ಒಬ್ಬಳು ಕಣ್ಣೊರೆಸಿಕೊಂಡಳು. ಕಲ್ಪೆಪರ್ ಫೋನು ಎತ್ತಿ ಹಿಡಿದು ವಿಡಿಯೋ ಮಾಡುತ್ತಿದ್ದ. ತನ್ನನ್ನೇ ಏಡಿ ಎಂದು ಬೈಯುವ ಹಾಡಿಗೆ ಪ್ರಿಚರ್ಡ್ ಕಾಲಿನಿಂದ ತಾಳ ಹಾಕುತ್ತಿದ್ದ. ಬೇರೆ ದಿನವಾಗಿದ್ದರೆ ನಕ್ಕು ನಕ್ಕು ಸಾಯುತ್ತಿದ್ದೆ.

ಹಾಡು ಮುಗಿಯಿತು, ಚಪ್ಪಾಳೆ ಬಿತ್ತು. ನಾನು ಎದ್ದು, "ಅಧ್ಯಕ್ಷರೇ, ಇದು ಆ ಹಾಡಲ್ಲ," ಎಂದೆ.

ಪ್ರಿಚರ್ಡನ ಹುಬ್ಬು ಮೇಲೇರಿತು. "ಅಂದ್ರೆ ಈ ಹಿರಿಯರು ಸುಳ್ಳು ಹೇಳ್ತಿದ್ದಾರೆ ಅಂತಲಾ ನಿಮ್ಮ ಮಾತು?"

ದೊಡ್ಡಪ್ಪ ನನ್ನ ಕಡೆ ತಿರುಗಿದ. ಊರಿನ ಹಿರಿಯ ಹಾಡುಗಾರನನ್ನು ಪರವೂರಿನವರ ಮುಂದೆ ಸುಳ್ಳುಗಾರನನ್ನಾಗಿ ಮಾಡುವವಳನ್ನು ನೋಡುವ ನೋಟ ಅದು. "ಕೂತ್ಕೊಳ್ಳೇ," ಎಂದ. "ನಿನಗೇನು ಗೊತ್ತು. ಇದು ನಮ್ಮಮ್ಮನ ಹಾಡೇ."

"ದೊಡ್ಡಪ್ಪ, ಕೈ ಮುಗೀತೀನಿ, ನಿಜ ಹೇಳು."

"ಹೇಳಿದ್ನಲ್ಲ. ಕೂತ್ಕೋ."

ಆಮೇಲೆ ನಡೆದದ್ದು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸು. ಹಾಡು ಸಮುದಾಯದಲ್ಲಿ ಜೀವಂತವಾಗಿದೆ ಎಂದು ಪ್ರಿಚರ್ಡ್ ಹೆಮ್ಮೆಯಿಂದ ಹೇಳಿದ. ಅದಕ್ಕಿಂತ ದೊಡ್ಡ ಸಂರಕ್ಷಣೆ ಯಾವುದಿದೆ ಎಂದ. ಹೊಸ ವಿಡಿಯೋ ಹಳೆಯ ಟೇಪಿಗಿಂತ ಎಷ್ಟೋ ಸ್ಪಷ್ಟ ಎಂದು ಕಲ್ಪೆಪರ್ ಸೇರಿಸಿದ. ಹಾಗಾಗಿ ಟೇಪು ನಕಲು ಎಂಬುದು ಈಗ ಮತ್ತಷ್ಟು ಖಚಿತವಾಯಿತು. ಎಲ್ಲರೂ ಕೈ ಎತ್ತಿದರು. ಹಾಡು ಬಂದರೆ ಟೇಪು ನಕಲು, ಬಾರದಿದ್ದರೆ ಹಾಡೇ ಬೇಡದ್ದು. ಈ ಲೆಕ್ಕದಲ್ಲಿ ನಾವು ಗೆಲ್ಲುವ ಬಾಗಿಲು ಎಲ್ಲಿತ್ತು? ಅದನ್ನು ಕೇಳಿದೆ, ಜೋರಾಗಿಯೇ ಕೇಳಿದೆ. ಮುಂದಿನ ವಿಷಯ ವಾಹನ ನಿಲುಗಡೆ ಎಂದರು.

ಹೊರಗೆ ದೊಡ್ಡಪ್ಪನ ಕೈ ಹಿಡಿದು ನಿಲ್ಲಿಸಿದೆ.

"ಏನು ಮಾಡ್ದೆ ನೀನು?"

ಅವನು ಇನ್ನೂ ಬೀಗುತ್ತಿದ್ದ. "ಹೆಂಗಿತ್ತು? ಏಡಿ ಅಂದಾಗ ಆ ಮನುಷ್ಯ ತಲೆದೂಗ್ದ, ನೋಡಿದ್ಯಾ?"

"ಟೇಪನ್ನ ನಾಶ ಮಾಡೋಕೆ ಕೈ ಎತ್ತಿದ್ರು, ನೋಡಿದ್ಯಾ? ನಿನಗೆ ಹಾಡು ಬರುತ್ತೆ, ಇನ್ನು ಟೇಪು ಯಾಕೆ ಅಂತ."

"ಅಲ್ಲ ಕಣೇ, ಅದರಲ್ಲಿ ಅಮ್ಮ ಹಾಡಿದ್ದಾಳೆ. ನಾನು ಹಾಡಿದ್ದು ಬೇರೆ."

"ಅದೇ ಅಂತ ನೀನೇ ಹೇಳಿದ್ಯಲ್ಲ!"

ಆಗ ಅವನಿಗೆ ಅರ್ಥವಾಯಿತು. ಗೋಡೆಗೆ ಒರಗಿ, "ಆ ಜನರ ಎದುರಿಗೆ ಅಮ್ಮನ ಹಾಡು ಮರ್ತೋಯ್ತು ಅಂತ ನಿಂತ್ಕೊಳ್ಲಾ ನಾನು? ಅವನು ಹಾಗೆ ಕೇಳಿದ್ಮೇಲೆ?" ಎಂದ. "ಹೋಗೇ, ಓಡು, ಹೇಳ್ಬಿಡು. ಮುದುಕ ಸುಳ್ಳು ಹೇಳ್ದ ಅನ್ನು. ಬರೋದು ನಾಲ್ಕೇ ಸಾಲು ಅನ್ನು."

ಕಲ್ಪೆಪರನನ್ನು ಹುಡುಕಿಕೊಂಡು ಓಡಿದೆ, ಸಿಗುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು. ಅವನು ಕೆಳಗೆ, ಸರಕು ಇಳಿಸುವ ಕಟ್ಟೆಯ ಮೇಲೆ ನಿಂತು ಯಾವುದೋ ಕಾಗದಕ್ಕೆ ರುಜು ಹಾಕುತ್ತಿದ್ದ. ಪುಡಿ ಮಾಡುವ ಯಂತ್ರದ ಲಾರಿ ಬಂದು ನಿಂತಿತ್ತು. ಜಾಲರಿ ಕೋಣೆಯ ಬಾಗಿಲು ತೆರೆದಿತ್ತು, ಒಳಗೆ ಖಾಲಿ. ಈ ಕಚೇರಿಯಲ್ಲಿ ಒಂದು ಬೆಲ್ಟಿಗೆ ವರ್ಷಗಟ್ಟಲೆ ಕಾದೆ. ತಂಪು ಯಂತ್ರದ ರಿಪೇರಿಯವನು ಬೇಸಿಗೆ ಮುಗಿದ ಮೇಲೆ ಬಂದ. ಪುಡಿ ಮಾಡುವ ಲಾರಿ ಮಾತ್ರ ಹೇಳಿದ ಹೊತ್ತಿಗೆ ಸರಿಯಾಗಿ ಬಂದಿತ್ತು. ಲಾರಿಯ ಹಿಂದೆ ಕಂದು ಬಣ್ಣದ ನಾರು ರಾಶಿ ಬಿದ್ದಿತ್ತು. ಅದರಲ್ಲಿ ಕೈ ಹಾಕಿದೆ. ಯಾವ ನಾರು ಯಾರ ದನಿ ಎಂದು ಹೇಗೆ ಗೊತ್ತಾಗಬೇಕು? ಕಲ್ಪೆಪರ್, "ಕೈಗೆ ಗಾಯ ಆಗುತ್ತೆ ಡೆಲ್ಫೀನಾ," ಎಂದ. ಅವನನ್ನು ಅಲ್ಲೇ ಒದೆಯಬೇಕು ಅನ್ನಿಸಿತು. ಒದೆಯಲಿಲ್ಲ, ಅದಕ್ಕೆ ಈಗಲೂ ಪಶ್ಚಾತ್ತಾಪವಿದೆ.

ಮೇಲೆ ಹೋದಾಗ ದೊಡ್ಡಪ್ಪ ನನ್ನ ಖಾಲಿ ಕೈ ನೋಡಿದ. "ನಾನು ಹಾಡಿದ್ದನ್ನ ಇಟ್ಕೊಳ್ತಾರಾ?" ಎಂದ.

"ಇಟ್ಕೊಳ್ತಾರೆ. ಶಾಶ್ವತವಾಗಿ."

"ಅಮ್ಮನ ಹಾಡು ಅಂತಲಾ?"

"ಹೌದು."

"ಅದರಲ್ಲಿ ಕೊನೆಗೆ ಒಂದು ಹೊಲಸು ಮಾತು ಬಂತಲ್ಲೇ. ಅಮ್ಮ ಅಂಥ ಮಾತು ಆಡ್ದವಳಲ್ಲ."

ಆ ವಿಡಿಯೋಗೆ ವಿವರಣೆ ಬರೆಯುವ ಕೆಲಸವೂ ನನ್ನ ಮೇಜಿಗೇ ಬಂತು. ನಾನು ಬರೆದೆ: ಮೊದಲ ನಾಲ್ಕು ಸಾಲು ಪ್ರೂಡೆನ್ಸಿಯಾ ಸೆರ್ಪಾಸಳದು. ಉಳಿದದ್ದು ಆಕೆಯ ಮಗ ಮಂಡಳಿಯ ಮುಂದೆ ನಿಂತು ಕಟ್ಟಿದ್ದು, ಅಧ್ಯಕ್ಷರನ್ನು ಕುರಿತದ್ದು. ಆಕೆಯ ಹಾಡು ಈ ಭಂಡಾರದಲ್ಲೇ ಇತ್ತು, ಈ ಭಂಡಾರವೇ ಅದನ್ನು ಪುಡಿ ಮಾಡಿಸಿತು. ಕೆಳಗೆ ಏಡಿ, ಪೀಪಾಯಿ, ಹೊಲಸು ಮಾತು ಸೇರಿ ಪ್ರತಿ ಪದದ ಅರ್ಥ ಬರೆದೆ.

ಕಲ್ಪೆಪರ್ ಮೊದಲ ಬಾರಿಗೆ ಬಾಗಿಲು ತಟ್ಟದೆ ಒಳಗೆ ಬಂದ. "ಇದನ್ನ ಅಳಿಸಿ," ಎಂದ.

"ನೀವೇ ಅಳಿಸಿ. ಆ ಕೆಲಸದಲ್ಲಿ ನಿಮ್ಮ ಕೈ ಪಳಗಿದೆ," ಎಂದೆ.

ಅವನು ಅಳಿಸಿದ. ಈಗ ಅಲ್ಲಿ ತಾಯಿಯ ಹಾಡು, ಮಗನ ದನಿಯಲ್ಲಿ ಎಂದಿದೆ. ಹೊಸ ವರ್ಷದಿಂದ ಮೊಸಳೆಯ ಪಕ್ಕದಲ್ಲಿ ಅದನ್ನೂ ಹಾಕಿದ್ದಾರೆ, ಮುಟ್ಟಿದರೆ ಹಾಡುತ್ತದೆ. ನಾನು ರಾಜೀನಾಮೆ ಬರೆದು, ನನ್ನ ಫ್ಯಾನುಗಳನ್ನೂ ಪಾತ್ರೆಯನ್ನೂ ಎತ್ತಿಕೊಂಡು ಮನೆಗೆ ಬಂದೆ.

ದೊಡ್ಡಪ್ಪ ಆಗಾಗ ಬೆಳಿಗ್ಗೆ ಫೋನು ಮಾಡುತ್ತಾನೆ. ಬಲೆ ಹೆಣೆಯುತ್ತ ಕೂತಾಗ ಒಂದೊಂದು ಸಾಲು ನೆನಪಾಗುತ್ತದಂತೆ. ಬರ್ಕೋ ಎನ್ನುತ್ತಾನೆ, ಬರೆದುಕೊಳ್ಳುತ್ತೇನೆ. ಮಾರನೆಯ ದಿನ ಮತ್ತೆ ಮಾಡಿ, ಅದು ಬೇಡ, ಹೊಡೆದು ಹಾಕು ಎನ್ನುತ್ತಾನೆ. ಮೊನ್ನೆ ಮಾಡಿದವನು ಒಂದು ಸಾಲು ಹೇಳಿದ. ನೀರಿನ ಮೇಲೆ ತೇಲಿ ಹೋಗುತ್ತಿದ್ದ ತೊಟ್ಟಿಲಿನ ಬಗ್ಗೆ. ಒಳ್ಳೆಯ ಸಾಲು. ಅಮ್ಮಂದೇ ಇರಬೇಕು ಎಂದೆ.

"ಇರ್ಬೋದು," ಎಂದ. "ನಂದೂ ಇರ್ಬೋದು. ಈ ಹಾಳು ಬಾಯಿಗೆ ಪ್ರಾಸ ತಾನಾಗೇ ಬಂದ್ಬಿಡುತ್ತೆ. ಅವಳದ್ಯಾವ್ದು, ನಂದ್ಯಾವ್ದು ಅಂತ ಗೊತ್ತಾಗ್ತಾ ಇಲ್ಲ ಮಗಳೇ. ಇದನ್ನ ಯಾರನ್ನ ಕೇಳ್ಲಿ?"

"ಯಾರೂ ಇಲ್ಲ ದೊಡ್ಡಪ್ಪ," ಎಂದೆ. ಸಮಾಧಾನ ಹೇಳುವ ಮನಸ್ಸು ನನಗಿರಲಿಲ್ಲ.